ಹುಣ್ಣಿಮೆ ನೋಡಿಕೊಂಡು ಬಾ

ಬಳ್ಳಾರಿಯಿಂದ

ಪ್ರೀತಿಯ ಗೆಳತಿ,

ಗ್ಲಾಸ್ಗೋದಿಂದ ನೀನು ಬರೆದ ಕಾಗದ ಸೇರಿತು. ಮೈ ಕೊರೆಯುವ ಜನವರಿ ಚಳಿಯಲ್ಲಿ ಮನೆಗೆ ಬಂದ ಸ್ನೇಹಿತರನ್ನು ಸೆಲ್ಟಿಕ್ ಕನೆಕ್ಷನ್ಸ್ ಹಬ್ಬಕ್ಕೆ ಕರೆದೊಯ್ದು, ಬ್ಯಾಗ್‌ಪೈಪು, ಪಿಟೀಲು ಕೇಳಿಸಿದ್ದನ್ನು ಮನೆಮಂದಿಗೆಲ್ಲ ಓದಿ ಹೇಳಿದೆ. ‘ನಿಮ್ಮಲ್ಲಿಗೆ ಶನಿವಾರ, ಭಾನುವಾರ ಯಾರಾದರೂ ಬಂದರೆ ಎಲ್ಲಿಗೆ ಕರೆದುಕೊಂಡು ಹೋಗ್ತೀಯ, ಕೋಟೆ ಬಿಟ್ಟು?’ ಅಂತ ಕೆಣಕಿದ್ದೀಯಲ್ಲ, ಉತ್ತರ ಬರೆಯುವಷ್ಟರಲ್ಲಿ ಬೆಂಗಳೂರಿನಿಂದ ಹಳೆಯ ಸಹಪಾಠಿಗಳೇ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬಂದಿಳಿದರು.

ನಮ್ಮ ದೇವರುಗಳು ಆಫೀಸಿನ ರಜೆ ಕೇಳುವುದಿಲ್ಲ. ಊರಿನ ಕನಕದುರ್ಗಮ್ಮನ ಸಿಡಿಬಂಡಿಗೆ ಮಂಗಳವಾರವೇ ಆಗಬೇಕು. ಕುರುಗೋಡಿನ ದೊಡ್ಡಬಸವೇಶ್ವರನ ತೇರಿಗೆ ಹೋಳಿ ಹುಣ್ಣಿಮೆ. ಈ ಸಲ ಹುಣ್ಣಿಮೆ ಶುಕ್ರವಾರ ಬಂದಿದ್ದರಿಂದ ಒಂದು ದಿನ ರಜೆ ಹಾಕಿದವರಿಗೆ ಜಾತ್ರೆ ದಕ್ಕಿತು.

ಕುರುಗೋಡು ನಿನಗೆ ನೆನಪಿರಬೇಕು. ಬಂಡೆಗುಡ್ಡಗಳ ಮಡಿಲಲ್ಲಿರುವ ಊರು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಸಾಮಂತರಾದ ಸಿಂದರು ಇಲ್ಲಿಂದಲೇ ಆಳಿದ್ದು. ಬೇರೆ ಕಡೆ ಬಸವಣ್ಣ ಲಿಂಗದ ಎದುರು ಮಲಗಿದ್ದರೆ ಇಲ್ಲಿ ಗರ್ಭಗುಡಿಯೊಳಗೆ ಅವನೇ ದೇವರು. ಒಂದೇ ಕಲ್ಲಿನ ನಂದಿ. ಕತ್ತೆತ್ತಿಯೇ ಮುಖ ನೋಡಬೇಕು. ಬಂದವರಲ್ಲಿ ಒಬ್ಬ ತೀರ್ಥಹಳ್ಳಿಯವನು. ಮಳೆ, ಅಡಿಕೆ, ಹಂಚಿನ ಮನೆ ಕಂಡು ಬೆಳೆದವನಿಗೆ ನಮ್ಮ ಮಾರ್ಚ್ ಬಿಸಿಲು ನೆತ್ತಿಗೇರಿತ್ತು. ‘ಇಷ್ಟು ಬಿಸಿಲಲ್ಲಿ ದೇವರನ್ನ ಹೊರಗೆ ತರ್ತಾರಾ?’ ಅಂದ. ಪಕ್ಕದಲ್ಲಿದ್ದ ಅಜ್ಜಿ ಕೇಳಿಸಿಕೊಂಡು, ‘ಹೊತ್ತು ಇಳಿದ ಮ್ಯಾಗ ಎಳೀತಾರಪ, ನೀ ಮೊದ್ಲು ನೀರು ಕುಡಿ’ ಅಂತ ತನ್ನ ಬಾಟಲಿಯನ್ನೇ ಕೊಟ್ಟಳು.

ತೇರು ಹೊರಟ ಮೇಲೆ ಎಲ್ಲರೂ ಕಳಸ ನೋಡುತ್ತಾರೆ. ನಾನು ಚಿಕ್ಕಂದಿನಿಂದ ನೋಡುವುದು ಗಾಲಿಯ ಬುಡದಲ್ಲಿರುವ ಸನ್ನೆ ಹಾಕುವವರನ್ನು. ಮರದ ದಿಮ್ಮಿಯನ್ನು ಗಾಲಿಯಡಿ ಕೊಟ್ಟು ಕಸಿದು, ತೇರನ್ನು ಎಡಕ್ಕೆ ಬಲಕ್ಕೆ ಹೊರಳಿಸುವವರು ಅವರು. ಸಾವಿರ ಜನ ಮಿಣಿ ಎಳೆದರೂ ತೇರು ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು ಅನ್ನುವುದು ಆ ನಾಲ್ಕಾರು ಜನರ ಕೈಯಲ್ಲಿ. ತಲೆ ಮೇಲೆ ಉತ್ತತ್ತಿ, ಬಾಳೆಹಣ್ಣು ಮಳೆಗರೆಯುತ್ತಿದ್ದರೂ ಒಬ್ಬನೂ ಮೇಲೆ ನೋಡುವುದಿಲ್ಲ, ಕಣ್ಣೆಲ್ಲ ಗಾಲಿ ಮತ್ತು ನೆಲ ಕೂಡುವ ಆ ಗೇಣು ಜಾಗದ ಮೇಲೆ. ತೀರ್ಥಹಳ್ಳಿಯವನು ಮೊದಲು ಫೋನು ಹಿಡಿದು ದೂರ ನಿಂತಿದ್ದ. ‘ಏನ್ ನೋಡ್ತೀರಿ, ಹಗ್ಗ ಹಿಡೀರಿ’ ಅಂತ ಯಾರೋ ಗದರಿದ್ದೇ ತಡ, ಫೋನು ನನ್ನ ಕೈಗೆ ಬಂತು. ಆಮೇಲೆ ಅವನು ಸಿಕ್ಕಿದ್ದು ಬೀದಿಯ ಆ ತುದಿಯಲ್ಲಿ, ಅಂಗೈ ಕೆಂಪಗೆ ಮಾಡಿಕೊಂಡು. ರಾತ್ರಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದೆವು. ಅದರ ವರ್ಣನೆ ಬೇಡ, ನಿನಗೆ ಅಲ್ಲಿ ಸಂಕಟವಾದೀತು.

ಒಂದು ವಿಷಯ ಮಾತ್ರ ಮನಸ್ಸಿಗೆ ಚುಚ್ಚಿತು. ಸಮಾಳದವರು, ನಂದಿಕೋಲಿನವರು ಕುಣಿಯುತ್ತಾ ಬರುವಾಗ ಯಾವುದೋ ಟ್ರ್ಯಾಕ್ಟರಿನ ಮೇಲೆ ಡಿಜೆ ಶುರುವಾಯಿತು. ಸಮಾಳದ ಕೈ ಆಡುವುದು ಕಾಣುತ್ತಿತ್ತು, ಸದ್ದು ಕಿವಿಗೆ ಬೀಳಲಿಲ್ಲ. ಆಗ ನಿನ್ನ ಕಾಗದ ನೆನಪಾಯಿತು. ನಿಮ್ಮ ಗ್ಲಾಸ್ಗೋ ಹಬ್ಬ ಶುರುವಾಗಿದ್ದು 1994ರಲ್ಲಿ. ಫ್ರಾನ್ಸಿನ ಬ್ರಿಟನಿ ಸೀಮೆಯ ಲೋರಿಯಾಂ ಪಟ್ಟಣದ್ದು 1971ರಲ್ಲಿ. ನಮ್ಮ ಕಣ್ಣಿಗೆ ನಿನ್ನೆ ಮೊನ್ನೆಯವು. ಸ್ಕಾಟ್ಲೆಂಡು, ಐರ್ಲೆಂಡು, ವೇಲ್ಸು, ಬ್ರಿಟನಿಯ ಜನ ತಮ್ಮ ಹಾಡು ಕೈಜಾರಿ ಹೋಗುವುದನ್ನು ಕಂಡರು, ಕೂತು ಯೋಚಿಸಿ ಹಬ್ಬ ಕಟ್ಟಿದರು. ನಮಗೆ ಹಬ್ಬ ಮೊದಲಿನಿಂದಲೂ ಇತ್ತಲ್ಲ, ಹಾಗಾಗಿ ಯಾರೂ ಏನನ್ನೂ ಕಟ್ಟಲು ಹೋಗಲಿಲ್ಲ. ನಿಮ್ಮ ಬ್ಯಾಗ್‌ಪೈಪಿನ ಹಾಗೆ ನಮ್ಮಲ್ಲೂ ಚರ್ಮದ ತಿತ್ತಿಗೆ ಗಾಳಿ ತುಂಬಿ ಶ್ರುತಿ ಹಿಡಿಯುತ್ತಿದ್ದರು. ಈಗ ಎಷ್ಟು ಜನ ಅದನ್ನು ಕಂಡಿದ್ದಾರೆ? ದೊಡ್ಡಾಟದ ಮುಖವೀಣೆ ನುಡಿಸುವವರನ್ನು ಹುಡುಕಬೇಕು. ತೊಗಲುಗೊಂಬೆಯಲ್ಲಿ ರಾಮಾಯಣದ ಜೊತೆಗೆ ಗಾಂಧೀಜಿಯನ್ನೂ ಆಡಿಸಿದ ನಮ್ಮ ಬೆಳಗಲ್ಲು ವೀರಣ್ಣನವರು 2023ರಲ್ಲಿ ತೀರಿಕೊಂಡರು. ಜಾತ್ರೆಯಲ್ಲಿ ಡಿಜೆ ಬೇಡ ಅಂದರೆ ಹುಡುಗರು ನನ್ನನ್ನು ಮುದುಕರ ಸಾಲಿಗೆ ಸೇರಿಸುತ್ತಾರೆ. ಸೇರಿಸಲಿ. ತೇರಿನ ಹೊತ್ತಿಗಾದರೂ ಅದನ್ನು ನಿಲ್ಲಿಸಬೇಕು ಅನ್ನುವುದು ನನ್ನ ಹಟ.

ಶನಿವಾರ ಬೆಳಿಗ್ಗೆ ಬಿಸಿಲೇರುವ ಮುಂಚೆ ಸಂಗನಕಲ್ಲು, ಕುಪ್ಪಗಲ್ಲಿನ ಗುಡ್ಡಕ್ಕೆ ಹೋದೆವು. ಬಳ್ಳಾರಿಯಲ್ಲಿ ಹುಟ್ಟಿ ಬೆಳೆದ ನೀನೂ ಹೋಗಿಲ್ಲ ಅಂದಿದ್ದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿ ಕಲ್ಲುಗೊಡಲಿ ಮಾಡುತ್ತಿದ್ದವರ ನೆಲೆ ಗುರುತಿಸಿದ. ಊರಿನ ಮ್ಯೂಸಿಯಮ್ಮಿಗೆ ಅವನದೇ ಹೆಸರು. ಗುಡ್ಡದ ಮೇಲೆ ಹಾದುಹೋದ ಕರಿಕಲ್ಲಿನ ಸಾಲಿನಲ್ಲಿ ಉದ್ದ ಕೊಂಬಿನ ಎತ್ತುಗಳನ್ನು ಕುಟ್ಟಿ ಮೂಡಿಸಿದ್ದಾರೆ. ಅಲ್ಲೇ ಕೆಲವು ಬಂಡೆಗಳಲ್ಲಿ ಬಟ್ಟಲಿನಂಥ ಗುಳಿಗಳಿವೆ. ಅಲ್ಲಿಗೆ ಬೆಣಚುಕಲ್ಲಿನಿಂದ ಬಡಿದರೆ ಗಂಟೆಯ ನಾದ. ನವಶಿಲಾಯುಗದ ಜನ ಬಡಿದು ಬಡಿದೇ ಆ ಗುಳಿ ಬಿದ್ದಿರಬೇಕು ಎನ್ನುತ್ತಾರೆ ವಿದ್ವಾಂಸರು. ನಾವು ಬಡಿಯಲಿಲ್ಲ, ಬಂದವರೆಲ್ಲ ಬಡಿದರೆ ಚಿತ್ರ ಉಳಿಯುವುದಿಲ್ಲ. ಅಷ್ಟರಲ್ಲಿ ಕೆಳಗೆ ಕುರಿ ಮೇಯಿಸುತ್ತಿದ್ದ ಹುಡುಗ, ಚಿತ್ರವಿಲ್ಲದ ಬೇರೊಂದು ಬಂಡೆಗೆ ಕಲ್ಲು ತಾಗಿಸಿ ‘ಟಣ್’ ಅನ್ನಿಸಿ ತೋರಿಸಿದ. ತೀರ್ಥಹಳ್ಳಿಯವನು ಅವನಿಂದ ಇನ್ನೊಂದು ಸಲ, ಮತ್ತೊಂದು ಸಲ ಅಂತ ಹೊಡೆಸಿದ್ದೇ ಹೊಡೆಸಿದ್ದು.

ಅಂದಹಾಗೆ, ನಿನ್ನ ಗ್ಲಾಸ್ಗೋಗೂ ನಮಗೂ ಹಳೆಯ ನಂಟಿದೆ. 1800ರಲ್ಲಿ ಬಳ್ಳಾರಿ ಈಸ್ಟ್ ಇಂಡಿಯಾ ಕಂಪನಿಯ ಕೈ ಸೇರಿದಾಗ ದತ್ತಮಂಡಲವೆಂಬ ಈ ಸೀಮೆಗೆ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ 1761ರಲ್ಲಿ ಹುಟ್ಟಿದ್ದು ಅಲ್ಲೇ. ಮಕ್ಕಳಿಗೆ ಮನ್ರೋಲಪ್ಪ ಅಂತ ಹೆಸರಿಟ್ಟವರು ಈ ಸೀಮೆಯಲ್ಲಿದ್ದರು. ನಿನ್ನ ನೆರೆಮನೆಯವರಿಗೆ ಹೇಳು, ನಂಬುವುದಿಲ್ಲ.

ಭಾನುವಾರ ಸಿರುಗುಪ್ಪ. ದಾರಿಯಲ್ಲಿ ತೆಕ್ಕಲಕೋಟೆಯ ಗುಡ್ಡಗಳನ್ನು ಕಾರಿನಿಂದಲೇ ತೋರಿಸಿದೆ. ಆಮೇಲೆ ಬಂಡೆ ಮುಗಿದು, ಕಾಲುವೆ ನೀರಿನ ಬತ್ತದ ಹಸಿರು ಶುರುವಾದಾಗ ತೀರ್ಥಹಳ್ಳಿಯವನಿಗೆ ಜೀವ ಬಂತು. ಕೆಂಚನಗುಡ್ಡದಲ್ಲಿ ತುಂಗಭದ್ರೆಗೆ ಕಾಲಿಟ್ಟು ಕೂತು, ‘ನಮ್ಮೂರಿನ ತುಂಗೆಯೇ ಇದು, ಇಲ್ಲಿಗೆ ಬರೋ ಹೊತ್ತಿಗೆ ದಣಿದಿದಾಳೆ’ ಅಂದ. ಮಧ್ಯಾಹ್ನ ಪರಿಚಯದವರ ಮನೆಯಲ್ಲಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಪುಡಿ, ಮೇಲೆ ಅವರದೇ ಗದ್ದೆಯ ಸೋನಾ ಮಸೂರಿ ಅನ್ನ. ಹೊರಡುವಾಗ ಅಕ್ಕಿಯ ಚೀಲವನ್ನೂ ಡಿಕ್ಕಿಗೆ ಹಾಕಿಸಿದರು. ಬೇಡ ಅಂದರೆ ಕೇಳುವ ಜನವಲ್ಲ.

ಮುಂದಿನ ವರ್ಷ ನೀನು ಬರುವುದಾದರೆ ಪಂಚಾಂಗದಲ್ಲಿ ಫಾಲ್ಗುಣದ ಹುಣ್ಣಿಮೆ ನೋಡಿ ವಿಮಾನದ ಟಿಕೆಟ್ಟು ಮಾಡಿಸು. ರೈಲಿನದ್ದು ನಾನು ಮಾಡಿಸುತ್ತೇನೆ, ಹಬ್ಬದ ಹೊತ್ತಿಗೆ ಸೀಟು ಸಿಗುವುದು ಕಷ್ಟ. ನಿನ್ನ ಆ ಪೈಪು ಊದುವ ಸ್ನೇಹಿತನನ್ನೂ ಕರೆದುಕೊಂಡು ಬಾ. ಸಮಾಳದವರಿಗೆ ಈಗಲೇ ಹೇಳಿಟ್ಟಿದ್ದೇನೆ, ಅವರು ‘ನೋಡೇ ಬಿಡೋಣ’ ಅಂದಿದ್ದಾರೆ.

ನಿನ್ನ ಹಳೆಯ ಗೆಳೆಯ