ಹಿಡಿ ಅಕ್ಕಿಯೂ ಸಭೆಯ ವೃದ್ಧಿಯೂ

ಸಭೆಯು ವೃದ್ಧಿಹೊಂದುವದು ಹೇಗೆ, ಅದನ್ನು ನಡಿಸುವ ಸಭಾಪಾಲಕರಲ್ಲಿ ಯಾವ ಗುಣಗಳಿರಬೇಕು ಎಂಬ ವಿಷಯವಾಗಿ ಉಪನ್ಯಾಸಗಳೂ ಶಿಬಿರಗಳೂ ಈಗ ಹೇರಳವಾಗಿ ನಡೆಯುತ್ತಿವೆ. ಅಲ್ಲಿ ಮಾತಾಡುವವರು ಬಹುಮಟ್ಟಿಗೆ ಪ್ರಸಂಗಪೀಠದಿಂದ ಸಭೆಯನ್ನು ನೋಡುವವರು. ಈ ಶಾಲೆಯ ಹಳೆಯ ವಿದ್ಯಾರ್ಥಿನಿಯರಾದ ನಾವಾದರೋ ಸ್ತ್ರೀಯರ ಸಾಲಿನಲ್ಲಿ ಕುಳಿತು ಅದೇ ಸಭೆಯನ್ನು ಕೆಳಗಿನಿಂದ ನೋಡುತ್ತ ಬಂದವರು. ಅಲ್ಲಿಂದ ನಮಗೆ ಕಂಡುದನ್ನು ಪ್ರಿಯ ಸೋದರಿಯರ ಮತ್ತು ಮಕ್ಕಳ ತಾಯಿತಂದೆಗಳ ಮುಂದೆ ಇರಿಸಲು ಅಪೇಕ್ಷಿಸುತ್ತೇವೆ.

ಸಭಾಪಾಲಕರಿಗೆ ಮೊದಲನೆಯ ಪಾಠವು ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯದಲ್ಲಿಯೇ ಉಂಟು. ಯೆರೂಸಲೇಮಿನ ಆದಿಸಭೆಯಲ್ಲಿ ಶಿಷ್ಯರು ಹೆಚ್ಚುತ್ತಿರಲು, ದಿನದಿನದ ಉಪಚಾರದಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಅಲಕ್ಷ್ಯಮಾಡುತ್ತಾರೆಂಬ ಗೊಣಗಾಟವು ಹುಟ್ಟಿತು. ಅಪೊಸ್ತಲರು ಆ ದೂರನ್ನು ಅಡಗಿಸಲಿಲ್ಲ. ಎಲ್ಲ ಭಾರವನ್ನೂ ತಾವೇ ಹೊತ್ತುಕೊಳ್ಳಲೂ ಇಲ್ಲ. ಜನರೇ ಏಳು ಮಂದಿಯನ್ನು ಆರಿಸುವಂತೆ ಹೇಳಿದರು. ಆ ಏಳು ಹೆಸರುಗಳೂ ಗ್ರೀಕ್ ಹೆಸರುಗಳೇ ಆಗಿರುವದನ್ನು ನೋಡಿದರೆ, ನೊಂದವರ ಕಡೆಯವರಿಗೇ ಅಧಿಕಾರವನ್ನು ಕೊಟ್ಟರೆಂದು ತೋರುತ್ತದೆ. ಇದಾದ ಮೇಲೆ ಶಿಷ್ಯರ ಸಂಖ್ಯೆ ಬಹಳವಾಗಿ ಬೆಳೆಯಿತೆಂದು ಅದೇ ಅಧ್ಯಾಯವು ತಿಳಿಸುತ್ತದೆ. ವಿಧವೆಯರ ಮಾತಿಗೆ ಕಿವಿಗೊಟ್ಟದ್ದು ಮೊದಲು, ವೃದ್ಧಿಯು ಅನಂತರ. ಈ ಕ್ರಮವು ಗಮನಿಸತಕ್ಕದ್ದು.

ಇಂಗ್ಲೆಂಡಿನ ಎಪ್‌ವರ್ತ್ ಎಂಬ ಊರಿನಲ್ಲಿ ಸ್ಯಾಮ್ಯುಯೆಲ್ ವೆಸ್ಲಿಯವರು ಸಭಾಪಾಲಕರಾಗಿದ್ದರು. 1711-12ರ ಚಳಿಗಾಲದಲ್ಲಿ ಅವರು ಲಂಡನ್ನಿನಲ್ಲಿರುವಾಗ ಪತ್ನಿಯಾದ ಸುಸಾನ್ನಾ ಅಮ್ಮನವರು ಭಾನುವಾರ ಸಂಜೆ ಮನೆಯಲ್ಲಿ ತಮ್ಮ ಮಕ್ಕಳಿಗೂ ಆಳುಗಳಿಗೂ ಪ್ರಾರ್ಥನೆ ನಡಿಸುತ್ತಿದ್ದರು. ನಮ್ಮ ದೇಶದ ತರಂಗಂಬಾಡಿಗೆ 1706ರಲ್ಲಿ ಬಂದ ಮಿಶನರಿಗಳ ವೃತ್ತಾಂತವನ್ನು ಕೇಳಿ ಅವರ ಮನಸ್ಸು ಬಹಳವಾಗಿ ಕಲಕಿತ್ತು. ನೆರೆಯವರು ಒಬ್ಬೊಬ್ಬರಾಗಿ ಬಂದು ಸೇರಲು, ಕಡೆಗೆ ಕೂಡಿದವರು ಇನ್ನೂರಕ್ಕೆ ಮಿಕ್ಕಿದರು. ಸಹಾಯಕ ಬೋಧಕರು ಇದನ್ನು ಸಹಿಸದೆ ಲಂಡನ್ನಿಗೆ ದೂರು ಬರೆದರು. ಪತಿಯು ಸಂಶಯಪಟ್ಟು ಪತ್ರ ಬರೆದಾಗ ಆ ತಾಯಿಯು, ನಿಲ್ಲಿಸಬೇಕಾದರೆ ಸ್ಪಷ್ಟವಾಗಿ ಆಜ್ಞೆಮಾಡಿರಿ, ಅದರ ಉತ್ತರವಾದಿತ್ವವು ನಿಮ್ಮದೇ ಆಗಲಿ, ಎಂಬ ಅರ್ಥ ಬರುವಂತೆ ವಿನಯದಿಂದಲೇ ಉತ್ತರಕೊಟ್ಟರು. ಆಜ್ಞೆಯು ಬರಲಿಲ್ಲ, ಕೂಟವು ನಿಲ್ಲಲಿಲ್ಲ.

ಆ ಮನೆಯ 8 ವರುಷದ ಬಾಲಕನೇ ಮುಂದೆ ಪ್ರಖ್ಯಾತರಾದ ಜಾನ್ ವೆಸ್ಲಿಯವರು. 1742ರಲ್ಲಿ ಬ್ರಿಸ್ಟಲ್ ನಗರದಲ್ಲಿ ಕೂಟದ ಮನೆಯ ಸಾಲವನ್ನು ತೀರಿಸುವ ಯೋಚನೆ ನಡೆಯಿತು. ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಎಂದು ಒಬ್ಬ ಕಪ್ತಾನನು ಸೂಚಿಸಿದನು. ಬಡವರು ಕೊಡಲಾರರೆಂದು ಆಕ್ಷೇಪ ಬರಲು, ತೀರ ಬಡವರಾದ 11 ಮಂದಿಯನ್ನು ನನಗೆ ಒಪ್ಪಿಸಿರಿ, ಅವರಿಂದಾಗದುದನ್ನು ನಾನೇ ಕೊಡುವೆನು ಎಂದನು. ಹೀಗೆ ಹನ್ನೆರಡು ಮಂದಿಗೊಬ್ಬ ನಾಯಕನು ಮನೆಮನೆಗೆ ಹೋಗತೊಡಗಿದಾಗ ಯಾರು ಕಾಯಿಲೆಯಲ್ಲಿದ್ದಾರೆ, ಯಾರ ನಡತೆ ಕೆಟ್ಟಿದೆ ಎಂಬದು ತಿಳಿದುಬಂತು. ಹಣಕ್ಕಾಗಿ ಹುಟ್ಟಿದ ಏರ್ಪಾಡು ಆತ್ಮಪಾಲನೆಯ ಏರ್ಪಾಡಾಯಿತು. ಮೆಥೊಡಿಸ್ಟ್ ಸಭೆಯು ಬೇರೂರಿದ್ದು ಈ ಚಿಕ್ಕ ಗುಂಪುಗಳಿಂದ.

ಮಿಜೋರಾಮಿನ ಗುಡ್ಡಗಳಲ್ಲಿ 1910ರಿಂದ ಇಂಥದೇ ಒಂದು ಕ್ರಮವು ನಡೆದುಬಂದಿದೆ. ಅಲ್ಲಿನ ಕ್ರೈಸ್ತ ಗೃಹಿಣಿಯರು ಅನ್ನಕ್ಕೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ಎತ್ತಿ ಬೇರೆ ಇಡುತ್ತಾರೆ. ಇದನ್ನು ಕೂಡಿಸಿ ಮಾರಿದ ಹಣವು ಈಗ ವರುಷಕ್ಕೆ ಕೋಟಿಗಟ್ಟಲೆ ರೂಪಾಯಿಗಳಾಗಿ ಸಭೆಯ ಸೇವೆಗೆ ಒದಗುತ್ತದೆ. ಸ್ವಂತ ಸಂಪಾದನೆಯಿಲ್ಲದ ಹೆಂಗಸೂ ಸಭೆಯಲ್ಲಿ ಪಾಲುಗಾರಳಾಗುವದಕ್ಕೆ ಇದಕ್ಕಿಂತ ಸುಲಭವಾದ ಮಾರ್ಗವು ನಮಗೆ ತೋರದು.

ನಮ್ಮಲ್ಲಿ ಕೆಲವರು ಸೇರಿರುವ ಒಂದು ಸಭೆಯಲ್ಲಿಯೂ ಹಿಡಿಯಕ್ಕಿಯ ಪದ್ಧತಿಯುಂಟು. ಒಮ್ಮೆ ಅಲ್ಲಿ ವಾರ್ಷಿಕ ವರದಿಯನ್ನು ಓದಿದಾಗ ಕುಟುಂಬಗಳ ಸಂಖ್ಯೆ, ಕಾಣಿಕೆಯ ಮೊತ್ತ, ಹೊಸ ಬೆಂಚುಗಳ ಲೆಕ್ಕ ಎಲ್ಲವೂ ಇತ್ತು. ಹಿಂದಿನ ಬೆಂಚಿನ ಅಜ್ಜಿಯೊಬ್ಬರು ಆರು ಭಾನುವಾರ ಬಾರದಿದ್ದುದು ಅದರಲ್ಲಿರಲಿಲ್ಲ. ಪಟ್ಟಿಯಲ್ಲಿ ಅವರ ಹೆಸರು ಇದ್ದೇ ಇತ್ತಷ್ಟೆ. ಅಕ್ಕಿ ಕೂಡಿಸಲು ಹೋದ ಸೋದರಿಯರಿಬ್ಬರು ಬಾಗಿಲು ತಟ್ಟಿದಾಗ, ಕಣ್ಣಿಗೆ ಪೊರೆ ಬಂದು ದಾರಿ ಕಾಣದೆ ಆಕೆ ಒಳಗೇ ಉಳಿದಿದ್ದರೆಂದು ತಿಳಿಯಿತು. ಆರು ವಾರದ ಅಕ್ಕಿಯನ್ನು ಮಾತ್ರ ಕುಡಿಕೆಯಲ್ಲಿ ತಪ್ಪದೆ ತುಂಬಿಟ್ಟಿದ್ದರು. ಸಂಗತಿಯನ್ನು ಕೇಳಿದ ಅಯ್ಯನವರು ಬೇಸರಪಡಲಿಲ್ಲ. ಮುಂದಿನ ವಾರವೇ ಹತ್ತು ಹತ್ತು ಮನೆಗಳ ಯೋಗಕ್ಷೇಮವನ್ನು ಒಬ್ಬೊಬ್ಬ ಸೋದರಿಗೆ ಒಪ್ಪಿಸಿದರು. ಶಸ್ತ್ರಚಿಕಿತ್ಸೆಯಾಗುವ ತನಕ ಅಜ್ಜಿಯನ್ನು ಕೈಹಿಡಿದು ಕರೆತರುತ್ತಿದ್ದ ನೆರೆಮನೆಯ ಹುಡುಗಿಯು, ಅವರಿಗೆ ದೃಷ್ಟಿ ಮರಳಿದ ಮೇಲೂ ಬರುವದನ್ನು ಬಿಟ್ಟಿಲ್ಲ.

ಸಭಾಪಾಲಕರು ಕೆಲವು ವರುಷಗಳಿಗೊಮ್ಮೆ ವರ್ಗವಾಗಿ ಹೋಗುವರು. ಮನೆಗಳು ಅಲ್ಲಿಯೇ ಇರುವವು. ಎಲ್ಲ ಕೆಲಸವನ್ನೂ ತಮ್ಮ ಕೈಯಲ್ಲೇ ಇಟ್ಟುಕೊಂಡವರು ಹೋದ ದಿನ ಕೆಲಸವೂ ಅವರೊಂದಿಗೆ ಹೋಗುವದು. ಆದದರಿಂದ ಅವರಲ್ಲಿ ನಮ್ಮ ವಿಜ್ಞಾಪನೆಯೇನೆಂದರೆ: ಎಷ್ಟು ಮಂದಿ ಬಂದರೆಂದು ಎಣಿಸುವಾಗ ಯಾರು ಬರಲಿಲ್ಲವೆಂಬದನ್ನೂ ಕೇಳಿರಿ, ಆ ಪ್ರಶ್ನೆಗೆ ಉತ್ತರ ಬಲ್ಲವರಿಗೆ ಕೆಲಸವನ್ನು ಒಪ್ಪಿಸಿರಿ.

ತಾಯಿತಂದೆಗಳಿಗೂ ಒಂದು ಮಾತು. 1947ರಲ್ಲಿ ಸ್ಥಾಪಿತವಾದ ದಕ್ಷಿಣ ಇಂಡಿಯಾ ಸಭೆಯು 2013ರಲ್ಲಿ ಇ. ಪುಷ್ಪಲಲಿತಾ ಅವರನ್ನು ನಂದ್ಯಾಲದ ಬಿಷಪ್ಪರನ್ನಾಗಿ ಅಭಿಷೇಕಿಸಿ, ತನ್ನಲ್ಲಿ ಮೊದಲ ಬಾರಿಗೆ ಒಬ್ಬ ಸ್ತ್ರೀಗೆ ಆ ಸ್ಥಾನವನ್ನು ಕೊಟ್ಟಿತು. ನಿಮ್ಮ ಹೆಣ್ಣುಮಕ್ಕಳಲ್ಲಿ ಯಾರು ಎಲ್ಲಿಗೆ ಕರೆಯಲ್ಪಡುವರೋ ನಾವು ಹೇಳಲಾರೆವು. ಹತ್ತು ಮನೆಗಳ ಬಾಗಿಲು ತಟ್ಟುವ ಅಭ್ಯಾಸವನ್ನಾದರೂ ಅವರಿಗೆ ಈಗಲೇ ಕಲಿಸಿರೆಂದು ಬೇಡುತ್ತೇವೆ. ನಮ್ಮ ಶಾಲೆಯಿಂದ ಹೊರಟ ಪ್ರತಿಯೊಬ್ಬಳೂ ತಾನಿರುವ ಸಭೆಯಲ್ಲಿ ಇಂಥ ಸೇವೆಗೆ ಒದಗಲೆಂದು ಹಾರೈಸುತ್ತೇವೆ.