ಹಿಮ್ಮಡಿಯ ಹಗ್ಗ

ಕಣ್ಣಿಗೆ ಕಾಡಿಗೆಯುಂಟು, ತಲೆಗೆ ಎಣ್ಣೆಯುಂಟು. ಹಿಮ್ಮಡಿಯನ್ನು ಮಾತ್ರ ಅದು ನೋಯುವ ತನಕ ಯಾರೂ ನೆನೆಯುವುದಿಲ್ಲ. ಮೀನಖಂಡವನ್ನು ಹಿಮ್ಮಡಿಯ ಎಲುಬಿಗೆ ಬಿಗಿದಿರುವ ಹಗ್ಗವೊಂದು ಅಲ್ಲಿದೆ. ದೇಹದ ಸ್ನಾಯುರಜ್ಜುಗಳಲ್ಲೆಲ್ಲ ಇದೇ ದಪ್ಪ, ಇದೇ ಗಟ್ಟಿ. ಓಡುವಾಗ ದೇಹದ ತೂಕದ ಹಲವು ಪಟ್ಟು ಭಾರ ಇದರ ಮೇಲೆ ಬೀಳುತ್ತದೆ. ಗ್ರೀಕರ ವೀರ ಅಕಿಲೀಸನನ್ನು ಅವನ ತಾಯಿ ಹಿಮ್ಮಡಿ ಹಿಡಿದು ಸ್ಟಿಕ್ಸ್ ನದಿಯಲ್ಲಿ ಅದ್ದಿದಳಂತೆ. ನೀರು ತಾಗದ ಆ ಒಂದೆಡೆಗೇ ಬಾಣ ನಾಟಿತು. ನಮ್ಮ ಕೃಷ್ಣನಿಗೂ ಬೇಡನ ಬಾಣ ತಗಲಿದ್ದು ಪಾದಕ್ಕೇ. ಇಂಥವರಿಗೇ ತಪ್ಪದ್ದು ಉದ್ಯಾವರದ ಒಬ್ಬ ಆಟೋರಿಕ್ಷಾ ಚಾಲಕರಿಗೆ ತಪ್ಪೀತೆ?

ಆ ಚಾಲಕರು ನನ್ನ ತಂದೆ. ವಯಸ್ಸು 51. ಏಳನೆಯ ತರಗತಿಗೆ ಅವರ ಓದು ನಿಂತಿತು, ಓಟ ನಿಲ್ಲಲಿಲ್ಲ. ಶಾಲೆಯ ಪಂದ್ಯದಲ್ಲಿ ಗೆದ್ದ ಸ್ಟೀಲಿನ ಲೋಟದಲ್ಲಿ ಇಂದಿಗೂ ಚಹಾ ಕುಡಿಯುತ್ತಾರೆ. ವಾರದಲ್ಲಿ ನಾಲ್ಕು ದಿನ ಬೆಳಗಿನ ಜಾವ ಮಟ್ಟುವಿನ ಕಡಲ ತೀರದಲ್ಲಿ ಕಾಪು ದೀಪಸ್ತಂಭದ ದಿಕ್ಕಿಗೆ ಓಡುವುದೊಂದೇ ಅವರ ವಿಲಾಸ.

ಕಳೆದ ಮಳೆಗಾಲದಲ್ಲಿ ಮೂರು ತಿಂಗಳು ಓಟವಿರಲಿಲ್ಲ. ಮಳೆ ಬಿಟ್ಟ ಮೊದಲ ವಾರವೇ ತಂದೆಯವರು ಹಳೆಯ ದೂರವನ್ನೇ ಓಡಿದರು. ಮೆದು ಮರಳಿನಲ್ಲಿ ಹಿಮ್ಮಡಿ ಹೂತಷ್ಟೂ ಈ ಹಗ್ಗ ಹೆಚ್ಚು ಜಗ್ಗುತ್ತದೆ. ಒಂದು ಬೆಳಿಗ್ಗೆ ಹಾಸಿಗೆಯಿಂದೆದ್ದ ಮೊದಲ ಹೆಜ್ಜೆಗೇ ಬಲ ಹಿಮ್ಮಡಿಯಿಂದ ಮೂರು ಬೆರಳು ಮೇಲೆ ಚುಚ್ಚು ನೋವು. ರಿಕ್ಷಾದ ಬ್ರೇಕಿಗೂ ಬಲಗಾಲೇ ಬೇಕು. ಮನೆಯ ಅಕ್ಕಿಯೂ ನನ್ನ ಪರೀಕ್ಷಾ ಶುಲ್ಕವೂ ಆ ಒಂದು ಕಾಲಿನ ಮೇಲೆ ನಿಂತಿದ್ದವು.

ನೆರೆಯವರು "ನರ ಹಿಡಿದಿದೆ" ಎಂದರು. ಒಬ್ಬರು ಎಣ್ಣೆ ಹೇಳಿದರು, ಇನ್ನೊಬ್ಬರು ಉಪ್ಪಿನ ಶಾಖ. "ಈ ಪ್ರಾಯದಲ್ಲಿ ಓಟ ಯಾಕೆ ಮಾರಾಯ್ರೆ?" ಎಂದು ಎಲ್ಲರೂ ಕೇಳಿದರು. ತಂದೆಯವರು ಮೂರು ವಾರ ಓಟ ಬಿಟ್ಟರು. ನೋವು ಇಳಿಯಿತು, ಓಡಿದ ದಿನವೇ ಮರಳಿ ಬಂತು. ಕೊನೆಗೆ ವೈದ್ಯರೊಬ್ಬರು ವಿಷಯ ಬಿಡಿಸಿ ಹೇಳಿದರು. ಇದು ನರವಲ್ಲ, ರಜ್ಜು. ಇದಕ್ಕೆ ರಕ್ತಸಂಚಾರ ಕಡಿಮೆ. ಪ್ರಾಯ ಏರಿದಂತೆ ಮಾಗುವುದೂ ನಿಧಾನ. ಬರಿಯ ವಿಶ್ರಾಂತಿಯಿಂದ ಅದು ಇನ್ನಷ್ಟು ಸೊರಗುತ್ತದೆ. ಅಳತೆಯರಿತು ಭಾರ ಹೊರಿಸಿದರೆ ಬಲಗೊಳ್ಳುತ್ತದೆ.

ಸ್ವೀಡನ್ನಿನ ವೈದ್ಯ ಹೋಕನ್ ಆಲ್ಫ್ರೆಡ್ಸನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಕ್ರಮವನ್ನು ಅವರು ತೋರಿಸಿಕೊಟ್ಟರು. ಸರಾಸರಿ 44 ವರ್ಷ ಪ್ರಾಯದ 15 ಮಂದಿ ಓಟಗಾರರು ಅದನ್ನು ಅನುಸರಿಸಿ 12 ವಾರಗಳಲ್ಲಿ ಓಟಕ್ಕೆ ಮರಳಿದ್ದರು. ಮೆಟ್ಟಿಲ ಅಂಚಿನಲ್ಲಿ ಮುಂಗಾಲಿನ ಮೇಲೆ ನಿಲ್ಲಬೇಕು. ಎರಡೂ ಕಾಲಿನ ಬಲದಿಂದ ಏರಿ, ನೋಯುವ ಕಾಲೊಂದರ ಮೇಲೆಯೇ ಭಾರ ಹಾಕಿ ಹಿಮ್ಮಡಿಯನ್ನು ಮೆಲ್ಲಗೆ ಮೆಟ್ಟಿಲಿನಿಂದ ಕೆಳಗಿಳಿಸಬೇಕು. ಮೊಣಕಾಲು ನೆಟ್ಟಗಿಟ್ಟು 15ರಂತೆ ಮೂರು ಸಲ, ಮಡಿಸಿ ಮೂರು ಸಲ. ಹೊತ್ತಿಗೆ 90, ದಿನಕ್ಕೆ ಎರಡು ಹೊತ್ತು, ಒಟ್ಟು 180.

ನಮ್ಮ ಜಗಲಿಯ ಮೆಟ್ಟಿಲೇ ವ್ಯಾಯಾಮಶಾಲೆಯಾಯಿತು. ಚರಿತ್ರೆಯ ಟಿಪ್ಪಣಿಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಎಣಿಸುತ್ತಿದ್ದೆ. ಮೊದಲ ವಾರಗಳಲ್ಲಿ ನೋವು ಹೆಚ್ಚಿತು. ಅದು ಸಹಜವೆಂದು ವೈದ್ಯರು ಮೊದಲೇ ಹೇಳಿದ್ದರು. "ಏರಲು ಎರಡು ಕಾಲುಂಟು, ಇಳಿಯಲು ಒಂದೇ. ಕೆಲಸವಿರುವುದು ಇಳಿಯುವುದರಲ್ಲಿಯೇ ಮಗಾ" ಎಂದು ತಂದೆಯವರು ಹಲ್ಲು ಕಚ್ಚಿ ನಕ್ಕರು. ಆರನೆಯ ವಾರಕ್ಕೆ ಅಭ್ಯಾಸ ಸಲೀಸಾದಾಗ ಭಾರ ಹೆಚ್ಚಿಸಬೇಕಾಯಿತು. ನನ್ನ ಬಿ.ಎ. ಪುಸ್ತಕಗಳನ್ನು ಚೀಲಕ್ಕೆ ತುಂಬಿ ಅವರ ಬೆನ್ನಿಗೇರಿಸಿದೆ. ನನ್ನ ಓದಿನ ಭಾರವನ್ನು ಅವರು ಹೊತ್ತದ್ದು ಅದೇನೂ ಮೊದಲ ಸಲವಲ್ಲ.

12 ವಾರ ಕಳೆದ ಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಅದೂ ಅಲೆ ತೊಯ್ದ ಗಟ್ಟಿ ಮರಳಿನ ಮೇಲೆ. ಈಗ ಹಳೆಯ ದೂರದ ಅರ್ಧದಷ್ಟು ಓಡುತ್ತಾರೆ. ಚಳಿಯ ಬೆಳಿಗ್ಗೆ ಮೊದಲ ಹೆಜ್ಜೆಗೆ ಹಿಮ್ಮಡಿ ಇನ್ನೂ ಒಂದು ಮಾತಾಡುತ್ತದೆ. ಅದನ್ನು ಕೇಳಿಕೊಂಡೇ ಅವರು ಅಂದಿನ ದೂರವನ್ನು ನಿಶ್ಚಯಿಸುತ್ತಾರೆ. ರಿಕ್ಷಾ ಒಂದು ದಿನವೂ ನಿಲ್ಲಲಿಲ್ಲ.

ಈ ಕ್ರಮ ಎಲ್ಲರಿಗೂ ಒಂದೇ ತೆರನಾಗಿ ಫಲಿಸುವುದಿಲ್ಲ. ನೋವು ಎಲುಬಿನ ಬುಡದಲ್ಲೇ ಇದ್ದರೆ ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಗಿಳಿಸಲಾಗದು. ಫಟ್ಟೆಂದು ಸದ್ದಾಗಿ ಕಾಲು ಸೋತರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನಮ್ಮ ಕ್ರೀಡಾಂಗಣದಲ್ಲಿ ಓಡುವ ಗೆಳೆಯರಲ್ಲಿಯೂ ನನ್ನದೊಂದು ಬಿನ್ನಹ: ರಜೆ ಮುಗಿಸಿ ಬಂದ ದಿನವೇ ಹಳೆಯ ದೂರಕ್ಕೆ ಕೈಯಿಡಬೇಡಿ. ಮನೆಯಲ್ಲಿ ಓಡುವ ಹಿರಿಯರಿದ್ದು ಅವರ ಕಾಲು ನೊಂದರೆ, "ಈ ಪ್ರಾಯದಲ್ಲಿ ಯಾಕೆ" ಎಂದು ಕೇಳುವ ಮೊದಲು, 12 ವಾರ ಜೊತೆಗೆ ಕುಳಿತು ಎಣಿಸಿಕೊಡಿ.