ಹಚ್ಚೆಯ ಅಕ್ಷರ

ನಮ್ಮ ಶಾಲೆಯಲ್ಲಿ ಓದಿ ಹೆಸರು ಗಳಿಸಿದ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕುರಿತು ಈ ಸಂಚಿಕೆಗೆ ಬರೆಯಬೇಕೆಂದು ಸಂಪಾದಕ ಮಿತ್ರರು ಅಪ್ಪಣೆ ಮಾಡಿದ್ದಾರೆ. ವೈದ್ಯರು, ಇಂಜಿನಿಯರುಗಳು, ಅಧಿಕಾರಿಗಳು ನಮ್ಮಲ್ಲಿ ಓದಿದವರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರನ್ನು ಕುರಿತು ಬರೆಯಬಲ್ಲವರೂ ಇದ್ದಾರೆ. ನಾನು ನೆನೆಯಹೊರಟಿರುವವನು ಆ ಪಟ್ಟಿಯಲ್ಲಿ ಇಲ್ಲ. ಅವನು ಹತ್ತನೆಯ ತರಗತಿಯನ್ನು ಮುಗಿಸಲಿಲ್ಲ. ಅವನು ಹಚ್ಚೆ ಹಾಕುವವನು.

ಉಜ್ಜಿನಿಯ ಜಾತ್ರೆಯನ್ನು ಬಲ್ಲವರಿಗೆ ಹಚ್ಚೆಯವರು ಹೊಸಬರಲ್ಲ. ವೈಶಾಖದ ಬಿಸಿಲಿನಲ್ಲಿ ಶ್ರೀ ಮರುಳಸಿದ್ಧೇಶ್ವರನ ರಥೋತ್ಸವ ನಡೆದು, ಜರಿಮಲೆಯ ಪಾಳೆಯಗಾರರ ಮನೆತನದಿಂದ ಬಂದ ಎಣ್ಣೆಯಿಂದ ಶಿಖರಕ್ಕೆ ತೈಲಾಭಿಷೇಕವಾಗುವ ಆ ದಿನಗಳಲ್ಲಿ, ಬಳೆಗಾರರ ಸಾಲಿನ ಆಚೆ ಕೊರಮರ ಹೆಂಗಸರು ನೆರಳು ಹಿಡಿದು ಕುಳಿತಿರುತ್ತಿದ್ದರು. ಮೂರು ನಾಲ್ಕು ಸೂಜಿಗಳನ್ನು ದಾರದಿಂದ ಬಿಗಿದ ಒಂದು ಕಟ್ಟು, ಕಾಡಿಗೆ ಕಲಸಿದ ಒಂದು ಚಿಪ್ಪು, ಮೇಲೆ ಹಚ್ಚಲು ಅರಿಸಿನ. ಇಷ್ಟೇ ಅವರ ಸಾಮಗ್ರಿ. ಕಾಡಿಗೆ ಕಪ್ಪು, ಚರ್ಮದ ಒಳಗೆ ಇಳಿದ ಮೇಲೆ ಹಸುರಾಗಿ ತೋರುತ್ತದೆ. ಹೆಸರು ಬಂದದ್ದೂ ಅದರಿಂದಲೇ. ಪಾಲು ಹಾಲಾದಂತೆ, ಪೂ ಹೂವಾದಂತೆ, ಹಳಗನ್ನಡದ ಪಚ್ಚೆ ಹಚ್ಚೆಯಾಯಿತು. ತೆಲುಗರು ಇಂದಿಗೂ ಪಚ್ಚಬೊಟ್ಟು ಎನ್ನುತ್ತಾರೆ. ತಮಿಳರು ಪಚ್ಚೈ ಕುತ್ತುವುದು ಎನ್ನುತ್ತಾರೆ.

ನಮ್ಮ ಅಜ್ಜಿಯ ಮುಂಗೈಯಲ್ಲಿ ಅಜ್ಜನ ಹೆಸರಿತ್ತು. ಆಕೆಗೆ ಅಕ್ಷರ ಬರುತ್ತಿರಲಿಲ್ಲ. ಗಂಡನ ಹೆಸರನ್ನು ಬಾಯಿಂದ ಆಡಿದವಳೂ ಅಲ್ಲ. ಕೇಳಿದವರಿಗೆ ಕೈ ಚಾಚಿ ತೋರಿಸುತ್ತಿದ್ದಳು. ನಾನು ಕೂಡಿಸಿ ಓದಿದ ಮೊದಲ ಪದ ಅದೇ ಇರಬೇಕು. ಆಕೆ ಶಿವೈಕ್ಯಳಾದಾಗ ಮೂಗುತಿ ಬಳೆಗಳನ್ನೆಲ್ಲ ತೆಗೆದುಕೊಂಡರು. ಹಚ್ಚೆ ಆಕೆಯ ಜೊತೆಯಲ್ಲಿಯೇ ಮಣ್ಣಿಗೆ ಹೋಯಿತು. ಇಷ್ಟೆಲ್ಲ ಬಲ್ಲ ನಾನು ಆ ಹುಡುಗನ ವಿಷಯದಲ್ಲಿ ನಡೆದುಕೊಂಡ ಬಗೆಯನ್ನು ಮುಂದೆ ಹೇಳುತ್ತೇನೆ.

ಅವನ ತಾಯಿ ಜಾತ್ರೆಯಲ್ಲಿ ಹಚ್ಚೆ ಹಾಕುವವಳು, ಉಳಿದ ದಿನಗಳಲ್ಲಿ ಬುಟ್ಟಿ ಹೆಣೆಯುವವಳು. ಹುಡುಗನ ಕೈ ಸುಮ್ಮನಿರುತ್ತಿರಲಿಲ್ಲ. ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು ಎಂದು ನಮ್ಮ ಕಡೆ ಗಾದೆಯಿದೆಯಷ್ಟೆ. ಅವನು ಗುಡಿಯ ಒಳಗಿನ ಕೆತ್ತನೆಯ ಬಳ್ಳಿಗಳನ್ನು ಕಂಡು ಬಂದು ಜೊತೆಯ ಹುಡುಗರ ತೋಳಿನ ಮೇಲೆ ಬಾಲ್‌ಪೆನ್ನಿನಿಂದ ಬರೆಯುತ್ತಿದ್ದ. ಒಂದು ದಿನ ನುಲಿಯ ಚಂದಯ್ಯನ ಪಾಠ ನಡೆದಿತ್ತು. ಹುಲ್ಲು ಕೊಯ್ಯುವಾಗ ಜಾರಿಬಿದ್ದ ಲಿಂಗವನ್ನೂ ಲೆಕ್ಕಿಸದೆ ಕಾಯಕವನ್ನು ಮುಂದುವರಿಸಿದ ಆ ಶರಣನನ್ನು, ಕೊರಮ ಸಮಾಜದವರು ತಮ್ಮವನೆಂದು ಪೂಜಿಸುವ ಆ ಶರಣನನ್ನು, ನಾನು ಭಾವಪರವಶನಾಗಿ ವರ್ಣಿಸುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಮೂವರು ಹುಡುಗರ ತೋಳುಗಳ ಮೇಲೆ ಚೇಳು ಏರುತ್ತಿತ್ತು. ನನಗೆ ಸಿಟ್ಟು ಬಂದಿತು. “ಜಾತ್ರೆಯ ಕಸುಬನ್ನು ಜಾತ್ರೆಯಲ್ಲಿ ಮಾಡು. ಇಲ್ಲಿಗೆ ಏಕೆ ಬಂದೆ?” ಎಂದೆ. ಇಡೀ ತರಗತಿ ನಕ್ಕಿತು. ಅವನು ಪುಸ್ತಕಗಳನ್ನು ಎತ್ತಿಕೊಂಡು ಹೊರಗೆ ನಡೆದ.

ಮೂರನೆಯ ದಿನ ತಾಯಿ ಬಂದು ಬಾಗಿಲ ಹೊರಗೆ ನಿಂತಳು. “ನಾ ಮಾಡೋದನ್ನ ನೋಡಿ ಮಾಡ್ಯಾನ್ರಿ ಸ್ವಾಮಿ. ಹೊಟ್ಟ್ಯಾಗ ಹಾಕ್ಕಳ್ರಿ” ಎಂದಳು. ಕಳಿಸು, ನೋಡೋಣ ಎಂದೆ. ಅವನು ಬರಲಿಲ್ಲ. ಅವರ ಮನೆ ಶಾಲೆಯಿಂದ ಎರಡು ಫರ್ಲಾಂಗು ದೂರವೂ ಇರಲಿಲ್ಲ, ನಾನೂ ಹೋಗಲಿಲ್ಲ.

ಹತ್ತು ಹನ್ನೆರಡು ವರ್ಷಗಳ ಮೇಲೆ, ಒಂದು ಸಂಜೆ, ಗಡ್ಡ ಬಿಟ್ಟ ತರುಣನೊಬ್ಬ ಮನೆಗೆ ಬಂದು ಕಾಲು ಮುಟ್ಟಿ ನಮಸ್ಕರಿಸಿದ. ಗುರುತು ಹತ್ತಲಿಲ್ಲ. ತಾನೇ ಹೇಳಿದ. ಶಾಲೆ ಬಿಟ್ಟವನು ಜಾತ್ರೆಗಳಲ್ಲಿ ಮಷೀನಿನ ಹಚ್ಚೆ ಹಾಕುವ ಒಬ್ಬನ ಬ್ಯಾಟರಿ ಹೊತ್ತು ಕೊಟ್ಟೂರು, ಮೈಲಾರಗಳನ್ನು ತಿರುಗಿದನಂತೆ. ಆತ ದಿನವೆಲ್ಲ ಒಂದೇ ಸೂಜಿಯಲ್ಲಿ ಹತ್ತಾರು ಜನರಿಗೆ ಚುಚ್ಚುವುದನ್ನು ಕಂಡು, ರಕ್ತದಿಂದ ಹರಡುವ ರೋಗಗಳಿಗೆ ಹೆದರಿ, ಅವನನ್ನು ಬಿಟ್ಟು ದಾವಣಗೆರೆಯ ಒಂದು ಅಂಗಡಿಯಲ್ಲಿ ಕೆಲಸ ಕಲಿತನಂತೆ. ಮೊದಲು ಬಾಳೆದಿಂಡಿನ ಮೇಲೆ, ಆಮೇಲೆ ಕುಂಬಳಕಾಯಿಯ ಮೇಲೆ, ಕೊನೆಗೆ ತನ್ನ ಎಡಗೈಯ ಮೇಲೆ. ಸೂಜಿ ಒಂದರಿಂದ ಎರಡು ಮಿಲಿಮೀಟರಿನಷ್ಟೇ ಇಳಿಯಬೇಕು; ಮೇಲಾದರೆ ಹೊರಚರ್ಮದ ಜೊತೆ ಬಣ್ಣ ಉದುರಿಹೋಗುತ್ತದೆ, ಆಳವಾದರೆ ಕಲೆಸಿಹೋಗುತ್ತದೆ. ಚೀಲದಿಂದ ಮಷೀನನ್ನು ತೆಗೆದು ತೋರಿಸಿದ. ಎಡಿಸನ್ 1875ರಲ್ಲಿ ಬರೆಹದ ಪ್ರತಿ ತೆಗೆಯಲೆಂದು ಮಾಡಿದ ವಿದ್ಯುತ್ ಲೇಖನಿಯ ತತ್ತ್ವದಿಂದಲೇ ನ್ಯೂಯಾರ್ಕಿನ ಓ’ರೈಲಿ 1891ರಲ್ಲಿ ಹಚ್ಚೆಯ ಯಂತ್ರಕ್ಕೆ ಹಕ್ಕುಪತ್ರ ಪಡೆದನೆಂದು ಆಮೇಲೆ ನಾನು ಓದಿ ತಿಳಿದೆ. ಹುಟ್ಟಿನಿಂದ ಅದು ಲೇಖನಿಯೇ.

ಅವನು ಬಂದದ್ದು ಬೇರೆ ಕಾರಣಕ್ಕೆ. ತೋಳು ಮಡಚಿ ಎಡಗೈ ಮುಂದೆ ಮಾಡಿದ. ಅಲ್ಲಿ ‘ಮರುಳಸಿದ್ದ’ ಎಂದಿತ್ತು. “ಕಲಿಯೋವಾಗ ಬರಕೊಂಡಿದ್ದು ಗುರುಗಳೇ. ನೀವು ಹತ್ತು ಸಲ ಬರೆಸಿದ್ರಿ, ಆದ್ರೂ ತಪ್ಪಿತು. ಈಗ ಜನ ಅಪ್ಪ ಅವ್ವನ ಹೆಸರು, ದೇವರ ಹೆಸರು, ವಚನ ಎಲ್ಲ ಕನ್ನಡದಾಗ ಹಾಕಂತಾರೆ. ಕಾಗದದ ಮ್ಯಾಲಿನ ತಪ್ಪಿಗೆ ನೀವು ಕೆಂಪು ಮಸಿ ಹಾಕ್ತಿದ್ರಿ. ಮೈ ಮ್ಯಾಲಿನ ತಪ್ಪಿಗೆ ಏನು ಮಾಡ್ಲಿ?”

ಆ ರಾತ್ರಿ ಹತ್ತರವರೆಗೆ ಅಕ್ಷರಗಳ ಮಾತಾಯಿತು. ಶಾಯಿ ವರ್ಷ ಕಳೆದಂತೆ ಒಳಗೇ ಹರಡುತ್ತದೆ. ಅಕ್ಷರ ಸಣ್ಣದಾದರೆ ‘ಮಠ’ದ ಠಕಾರದ ಚುಕ್ಕೆ ಸುತ್ತಿನಲ್ಲಿ ಮುಚ್ಚಿಹೋಗುತ್ತದೆ, ಒತ್ತಕ್ಷರ ಮೇಲಿನ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ ಎಂದು ಅವನೇ ನನಗೆ ಹೇಳಿದ. ಮೂವತ್ತು ವರ್ಷ ಪಾಠ ಹೇಳಿದ ನಾನು ಠಕಾರದ ಚುಕ್ಕೆಗೆ ಎಷ್ಟು ಜಾಗ ಬೇಕೆಂದು ಎಂದೂ ಯೋಚಿಸಿರಲಿಲ್ಲ. ಅಜ್ಜಿಯ ಕೈಯ ಹೆಸರು ಕೊನೆಕೊನೆಗೆ ನನಗೇ ಓದಲು ಬಾರದಂತಾದುದರ ಕಾರಣ ಆಗ ತಿಳಿಯಿತು.

ಅವನ ಕೈಯ ತಪ್ಪಿಗೆ ಮಾತ್ರ ಪರಿಹಾರವಿತ್ತು. ದಕಾರದ ಒತ್ತಿನ ಅಡಿಯಲ್ಲಿ ಒಂದು ಸೀಳು ಎಳೆದರೆ ಧಕಾರವಾಗುತ್ತದೆ. ಅಲ್ಪಪ್ರಾಣವನ್ನು ಮಹಾಪ್ರಾಣ ಮಾಡಬಹುದು; ಮಹಾಪ್ರಾಣ ತಪ್ಪಿ ಬಿದ್ದಿದ್ದರೆ ತೆಗೆಯುವುದು ಅವನ ಸೂಜಿಯ ಕೆಲಸವಲ್ಲ. ಸದ್ಧರ್ಮ ಪೀಠದ ಊರಿನಲ್ಲಿ, ಮರುಳಸಿದ್ಧನ ಊರಿನಲ್ಲಿ, ಈ ಒತ್ತನ್ನು ನಾನು ಎಷ್ಟು ಸಾವಿರ ಸಲ ತಿದ್ದಿದ್ದೇನೆಯೋ!

“ಎಲ್ಲಿ ಅಂತ ನೀವೇ ಗುರುತು ಹಾಕ್ರಿ” ಎಂದು ಕೈಯನ್ನು ನನ್ನ ಮೇಜಿನ ಮೇಲೆ ಇಟ್ಟ. ನಾನು ಬಾಲ್‌ಪೆನ್ನಿನಿಂದ ಅವನ ಚರ್ಮದ ಮೇಲೆ ಒಂದು ಗೆರೆ ಎಳೆದೆ. ಅವನು ಕೈಗವಸು ತೊಟ್ಟು, ಹೊಸ ಸೂಜಿಯ ಪೊಟ್ಟಣ ಒಡೆದ. ಯಂತ್ರ ದುಂಬಿಯಂತೆ ಮೊರೆಯಿತು. ಅರೆಗಳಿಗೆಯ ಕೆಲಸ. ಒರಸಿದಾಗ ಒಂದು ಹನಿ ರಕ್ತ.

ಆ ದಿನ ತರಗತಿಯಲ್ಲಿ ನಾನಾಡಿದ ಮಾತನ್ನು ಅವನು ಎತ್ತಲಿಲ್ಲ. ಎತ್ತುವ ಧೈರ್ಯ ನನಗೂ ಬರಲಿಲ್ಲ. ಈಗ ವಾರಕ್ಕೆ ಎರಡು ಮೂರು ಬಾರಿ ಅವನ ಅಂಗಡಿಯಿಂದ ನನ್ನ ಫೋನಿಗೆ ಚೀಟಿಯ ಚಿತ್ರಗಳು ಬರುತ್ತವೆ. ನಾನು ಓದಿ, ತಿದ್ದಿ ಕಳುಹಿಸುವವರೆಗೆ ಅವನು ಸೂಜಿ ಎತ್ತುವುದಿಲ್ಲ. ಮೊನ್ನೆ ಬಂದ ಚೀಟಿಯಲ್ಲಿ ತಿದ್ದುವುದೇನೂ ಇರಲಿಲ್ಲ. ಅವನ ತಾಯಿಯ ಹೆಸರಿತ್ತು, ಅಷ್ಟೇ.